ಓಡು ಬಿಟ್ಟು ಹರಿ ಹಿಡಿದಾಗ: ‘ರನ್’ ಕಲಿಯುವ ಕೆಲಸ

‘ರನ್ ಅಂದರೆ ಓಡು.’ ಇಂಗ್ಲಿಷ್ ಕಲಿಯಲು ಕೂತ ಮೊದಲ ವಾರದಲ್ಲೇ ಈ ಜೋಡಿ ತಲೆಯಲ್ಲಿ ಬೇರೂರುತ್ತದೆ. ನಾಯಿ ಓಡುವವರೆಗೆ, ಹುಡುಗ ಓಡುವವರೆಗೆ ಏನೂ ತೊಂದರೆಯಿಲ್ಲ. ಆಮೇಲೆ ಮೂಗು ರನ್ ಆಗುತ್ತದೆ, ನಲ್ಲಿ ರನ್ ಆಗುತ್ತದೆ, ರಸ್ತೆ ಹೊಳೆಯ ಪಕ್ಕದಲ್ಲಿ ರನ್ ಆಗುತ್ತದೆ, ಒಬ್ಬಾಕೆ ಕಂಪನಿ ರನ್ ಮಾಡುತ್ತಾಳೆ, ಜ್ವರ ಬಂದ ಮಗು ಟೆಂಪರೇಚರ್ ರನ್ ಮಾಡುತ್ತದೆ. ಒಂದೊಂದಕ್ಕೂ ಒಂದೊಂದು ಅರ್ಥ ಬರೆದುಕೊಳ್ಳುತ್ತ ಹೋದರೆ ನೋಟ್‌ಬುಕ್ ತುಂಬುತ್ತದೆ, ಮಾತಿನಲ್ಲಿ ಮಾತ್ರ ಒಂದೂ ಬರುವುದಿಲ್ಲ.

ಪಟ್ಟಿಯ ದಾರಿ ಎಷ್ಟು ಉದ್ದ ಎಂಬುದಕ್ಕೆ ಒಂದು ಲೆಕ್ಕವಿದೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಯಲ್ಲಿ ಅತಿ ಹೆಚ್ಚು ಅರ್ಥಗಳಿದ್ದ ಪದ ‘ಸೆಟ್’. ಅದರ ಕ್ರಿಯಾಪದಕ್ಕೆ 430 ಅರ್ಥ. ಪರಿಷ್ಕರಣೆಯ ಸರದಿ ‘ರನ್’ಗೆ ಬಂದಾಗ ಕ್ರಿಯಾಪದ ರೂಪವೊಂದಕ್ಕೇ 645 ಅರ್ಥಗಳು ನಿಂತವು. ಆ ನಮೂದನ್ನು ಸಿದ್ಧಪಡಿಸಿದ ಸಂಪಾದಕ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿಯಿತು. ಇಂಗ್ಲಿಷನ್ನೇ ಉಸಿರಾಡುವ ಪದತಜ್ಞನಿಗೆ ಒಂಬತ್ತು ತಿಂಗಳ ಕೆಲಸವಾದದ್ದನ್ನು ನಾವು ಬಾಯಿಪಾಠ ಮಾಡಿ ಮುಗಿಸುತ್ತೇವೆ ಅನ್ನುವುದು ಹುಚ್ಚು. ಬಾಯಿಪಾಠ ಬೇಕಾಗಿಯೂ ಇಲ್ಲ. ದಿನಬಳಕೆಯ ಓದು, ಮಾತು, ಕೆಲಸಕ್ಕೆ ಅರವತ್ತರಿಂದ ಎಂಬತ್ತು ವಾಕ್ಯಗಳು ಸಾಕು. ಅವೂ ನಾಲ್ಕೈದು ಗುಂಪುಗಳಲ್ಲಿ ಕೂರುತ್ತವೆ.

ಕೆಲಸ ಶುರುವಾಗುವುದು ವಾಕ್ಯ ಕೂಡಿಡುವುದರಿಂದ. ದಿನಕ್ಕೆ ಐದು ವಾಕ್ಯ, ವಾರಕ್ಕೆ ಐದು ದಿನ, ಮೂರು ವಾರ. ಎಲ್ಲವನ್ನೂ ಒಂದೇ ಕಡೆಯಿಂದ ತೆಗೆದುಕೊಳ್ಳಬಾರದು. ಕ್ರೀಡಾಪುಟದಿಂದಷ್ಟೇ ತೆಗೆದರೆ ಎಲ್ಲ ‘ರನ್’ಗಳೂ ಬ್ಯಾಟಿನಿಂದ ಬಂದವೇ ಆಗುತ್ತವೆ, ಕಂಪ್ಯೂಟರ್ ಪುಸ್ತಕದಿಂದಷ್ಟೇ ತೆಗೆದರೆ ಎಲ್ಲವೂ ಪ್ರೋಗ್ರಾಮೇ. ಸುದ್ದಿ, ಯಂತ್ರದ ಬಳಕೆಯ ಕೈಪಿಡಿ, ಮಕ್ಕಳ ಕಥೆ, ರೈಲಿನ ವೇಳಾಪಟ್ಟಿಯ ಟಿಪ್ಪಣಿ ಇವು ನಾಲ್ಕೂ ಸೇರಿದರೆ ಒಳ್ಳೆಯ ಮಿಶ್ರಣ. ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಹಾಕಿ. ಎಡಗಡೆ, ವಾಕ್ಯದಲ್ಲಿ ರನ್ ಆಗುತ್ತಿರುವುದು ಯಾವುದು ಅಥವಾ ಯಾರು ಎಂಬುದು. ನಡುವೆ ಇಡೀ ಇಂಗ್ಲಿಷ್ ವಾಕ್ಯ, ತುಂಡಲ್ಲ. ಬಲಗಡೆ ಅದೇ ಮಾತನ್ನು ಮನೆಯಲ್ಲಿ ಹೇಗೆ ಆಡುತ್ತೇವೋ ಹಾಗೆ ಇಡೀ ಕನ್ನಡ ವಾಕ್ಯ.

ಬಲಗಡೆಯ ಅಂಕಣವೇ ಈ ವಿಧಾನದ ಜೀವ, ಹೆಚ್ಚಿನವರು ಎಡವುವುದೂ ಅಲ್ಲೇ. ನಿಘಂಟಿನ ಅರ್ಥವನ್ನು ಅಲ್ಲಿ ಇಳಿಸಿಬಿಡುತ್ತಾರೆ: ‘ಚಲಿಸು, ಕಾರ್ಯನಿರ್ವಹಿಸು, ಸಂಚರಿಸು’. ಈ ಪದಗಳು ತಪ್ಪಲ್ಲ, ಆದರೆ ನಮ್ಮ ನಾಲಿಗೆಯ ಮೇಲಿಲ್ಲ. ‘ಹರ್ ನೋಸ್ ಈಸ್ ರನ್ನಿಂಗ್’ ಎಂಬುದರ ಎದುರು ‘ಅವಳ ಮೂಗು ಸೋರ್ತಿದೆ’ ಎಂದೇ ಬರೆಯಬೇಕು. ‘ದ ಕಲರ್ಸ್ ರ‍್ಯಾನ್ ಇನ್ ದ ವಾಷ್’ ಎಂಬುದರ ಎದುರು ‘ಒಗೆದಾಗ ಬಣ್ಣ ಬಿಟ್ಟಿತು’. ಕನ್ನಡದ ಕ್ರಿಯಾಪದ ತಾನಾಗಿ ಬಾಯಿಗೆ ಬರಬೇಕು, ಹುಡುಕಿ ತಂದದ್ದಾಗಬಾರದು.

ಮೂರು ವಾರದ ಕೊನೆಗೆ ಬಲಗಡೆಯ ಕ್ರಿಯಾಪದಗಳನ್ನಷ್ಟೇ ನೋಡುತ್ತ ವಾಕ್ಯಗಳನ್ನು ಗುಂಪು ಮಾಡಬೇಕು. ಇಲ್ಲಿ ಒಂದು ಅಚ್ಚರಿ ಕಾದಿರುತ್ತದೆ. ‘ಓಡು’ ಗುಂಪು ಅಂದುಕೊಂಡಷ್ಟು ದೊಡ್ಡದಿರುವುದಿಲ್ಲ. ಅದಕ್ಕಿಂತ ದೊಡ್ಡ ಗುಂಪು ‘ಹರಿ’ಯದು.

ನದಿ ಹರಿಯುತ್ತದೆ, ರನ್. ಕಣ್ಣೀರು ಕೆನ್ನೆಯ ಮೇಲೆ ಹರಿಯುತ್ತದೆ, ರನ್. ‘ಲಾರಿ ಹರಿದು ಸಾವು’ ಎಂದು ಪತ್ರಿಕೆಯಲ್ಲಿ ತಲೆಬರಹ ಬರುತ್ತದಲ್ಲ, ಅದು ‘ರನ್ ಓವರ್’. ಮೈಯಲ್ಲಿ ನಡುಕ ಹರಿದರೆ ‘ಎ ಶಿವರ್ ರ‍್ಯಾನ್ ಡೌನ್ ಹಿಸ್ ಸ್ಪೈನ್’. ತಲೆಮಾರಿನಿಂದ ತಲೆಮಾರಿಗೆ ಹರಿದುಬಂದ ಗುಣಕ್ಕೆ ‘ಇಟ್ ರನ್ಸ್ ಇನ್ ದ ಫ್ಯಾಮಿಲಿ’. ಗೋಡೆಗೆ ಅಡ್ಡಲಾಗಿ ಹರಿದ ಬಿರುಕೂ ರನ್ ಆಗುತ್ತದೆ. ಕೊನೆಗೆ ತಮಾಷೆಯೆಂಬಂತೆ ಹೆಣಿಗೆಯ ಬಟ್ಟೆ ಬರುತ್ತದೆ: ಕಾಲುಚೀಲದ ಒಂದು ಎಳೆ ಬಿಟ್ಟು ಉದ್ದಕ್ಕೆ ಹರಿದುಕೊಂಡು ಹೋದರೆ ಅಮೆರಿಕದವರು ಅದನ್ನೂ ‘ರನ್’ ಎನ್ನುತ್ತಾರೆ, ಬ್ರಿಟಿಷರು ‘ಲ್ಯಾಡರ್’. ನೀರು ಹರಿಯುವುದಕ್ಕೂ ಬಟ್ಟೆ ಹರಿಯುವುದಕ್ಕೂ ಕನ್ನಡದಲ್ಲಿ ಒಂದೇ ಮಾತು ಇರುವುದು ಬೇರೆಯದೇ ಕಥೆ. ಆದರೂ ನೆನಪಿಟ್ಟುಕೊಳ್ಳಲು ಇದಕ್ಕಿಂತ ಗಟ್ಟಿಯಾದ ಗೂಟ ಸಿಗುವುದಿಲ್ಲ.

ಇದು ಬರೀ ಕಾಕತಾಳೀಯವೂ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ರಿನ್ನನ್’ ಎಂಬ ಕ್ರಿಯಾಪದಕ್ಕೆ ಓಡುವುದು, ಹರಿಯುವುದು ಎರಡೂ ಅರ್ಥಗಳಿದ್ದವು. ಅದರ ಜರ್ಮನ್ ಒಡಹುಟ್ಟು ‘ರಿನ್ನೆನ್’ ಇವತ್ತಿಗೂ ನೀರು ಹರಿಯುವುದಕ್ಕೇ ಬಳಕೆಯಾಗುತ್ತದೆ. ಅಂದರೆ ಕಾಲಿಲ್ಲದವು ರನ್ ಆಗುವುದು ಆಲಂಕಾರಿಕ ಮಾತೇನಲ್ಲ, ಆ ಪದದ ಹುಟ್ಟುಗುಣ. ಇದನ್ನು ಒಪ್ಪಿಕೊಂಡ ಮೇಲೆ ರಸ್ತೆ ರನ್ ಆಗುವುದಕ್ಕೆ ಯಾರೂ ಕಣ್ಣರಳಿಸಬೇಕಾಗಿಲ್ಲ.

ಅದೇ ಇತಿಹಾಸ ಇನ್ನೊಂದು ಗಂಟನ್ನೂ ಬಿಡಿಸುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಓಡು’ ಎಂಬುದಕ್ಕೆ ಒಂದು ಕ್ರಿಯಾಪದ, ‘ಓಡಿಸು’ ಎಂಬುದಕ್ಕೆ ಅದರಿಂದಲೇ ಹುಟ್ಟಿದ ಮತ್ತೊಂದು ಕ್ರಿಯಾಪದ ಇತ್ತು. ಕಾಲಾಂತರದಲ್ಲಿ ಎರಡೂ ಕರಗಿ ಒಂದೇ ‘ರನ್’ ಆದವು. ಕನ್ನಡದಲ್ಲಿ ಈ ಎರಡು ಇಂದಿಗೂ ಬೇರೆಬೇರೆಯಾಗೇ ಇವೆ: ಓಡು–ಓಡಿಸು, ಹರಿ–ಹರಿಸು, ನಡೆ–ನಡೆಸು. ಆದ್ದರಿಂದ ಗುಂಪು ಮಾಡಿದ ವಾಕ್ಯಗಳ ಮೇಲೆ ಎರಡನೇ ಸಲ ಕೈಯಾಡಿಸುವಾಗ ನೋಡಬೇಕಾದದ್ದು ಒಂದೇ: ಬಲಗಡೆಯ ಕನ್ನಡ ಕ್ರಿಯಾಪದಕ್ಕೆ ‘ಇಸು’ ಹತ್ತಿದೆಯೇ? ಹತ್ತಿದ್ದರೆ ಹೆಚ್ಚುಕಡಿಮೆ ಪ್ರತಿ ಸಲವೂ ಇಂಗ್ಲಿಷ್ ವಾಕ್ಯದಲ್ಲಿ ರನ್ ಆದ ಕೂಡಲೇ ಒಂದು ನಾಮಪದ ಬಂದಿರುತ್ತದೆ. ‘ದ ಎಂಜಿನ್ ಈಸ್ ರನ್ನಿಂಗ್’, ಎಂಜಿನ್ ಓಡುತ್ತಿದೆ. ‘ರನ್ ದ ಎಂಜಿನ್’, ಎಂಜಿನ್ ಓಡಿಸು. ಕಲಿಯುವವರ ನಿಘಂಟುಗಳಲ್ಲಿ ಅಕರ್ಮಕ, ಸಕರ್ಮಕ ಎಂಬುದಕ್ಕೆ ಒಂದೊಂದು ಅಕ್ಷರದ ಗುರುತು ಇರುತ್ತದೆ. ಆ ಅಕ್ಷರಕ್ಕಿಂತ ನಮ್ಮ ‘ಇಸು’ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಅದು ಕಿವಿಯಲ್ಲೇ ಇದೆ.

‘ನಡೆಸು’ ಗುಂಪಿಗೆ ಸ್ವಲ್ಪ ಹೊತ್ತು ಕೊಡಬೇಕು. ಅಂಗಡಿ ನಡೆಸು, ಶಾಲೆ ನಡೆಸು, ಶಿಬಿರ ನಡೆಸು, ಸಭೆ ನಡೆಸು, ಪ್ರಚಾರ ನಡೆಸು ಎಲ್ಲಕ್ಕೂ ರನ್ ಸಲ್ಲುತ್ತದೆ. ಇಷ್ಟು ಸಲೀಸಾಗಿ ಹೊಂದಿದ್ದನ್ನು ಕಂಡು ಕಲಿಯುವವರು ಎಲ್ಲ ‘ನಡೆಸು’ಗಳ ಮೇಲೂ ರನ್ ಹೇರಲು ಶುರುಮಾಡುತ್ತಾರೆ, ಆಗ ಗಾಡಿ ಹಳ್ಳಕ್ಕೆ ಬೀಳುತ್ತದೆ. ಮಾತುಕತೆ ನಡೆಸುವುದು ‘ಹೋಲ್ಡ್ ಟಾಕ್ಸ್’. ಯುದ್ಧ ನಡೆಸುವುದು ‘ವೇಜ್ ವಾರ್’. ವಿಚಾರಣೆ ನಡೆಸುವುದಕ್ಕೆ ‘ಹೋಲ್ಡ್’ ಅಥವಾ ‘ಕಂಡಕ್ಟ್’. ಒಳ್ಳೆಯ ಜೀವನ ನಡೆಸುವುದು ‘ಲೀಡ್ ಎ ಗುಡ್ ಲೈಫ್’. ಇದರಲ್ಲಿ ರನ್ ಹಾಕಿದರೆ ಅರ್ಥವೇ ತಿರುಗಿಬೀಳುತ್ತದೆ: ‘ಹೀ ರನ್ಸ್ ಮೈ ಲೈಫ್’ ಎಂದರೆ ನನ್ನ ಬದುಕಿನ ಲಗಾಮು ಅವನ ಕೈಯಲ್ಲಿದೆ, ನಾನು ಏನು ಮಾಡಬೇಕೆಂದು ಅವನೇ ಹೇಳುತ್ತಾನೆ ಎಂಬ ದೂರು.

ಎಲ್ಲಿ ರನ್, ಎಲ್ಲಿ ಬೇಡ ಎಂದು ತೀರ್ಮಾನಿಸಲು ಒರಟಾದ ಒಂದು ಪರೀಕ್ಷೆ ಇದೆ. ಕೈಬಿಟ್ಟರೆ ನಿಂತುಹೋಗುವಂಥದ್ದೇ? ದಿನದಿನವೂ ಚಾಲೂ ಇಡಬೇಕಾದದ್ದೇ? ಹಾಗಿದ್ದರೆ ರನ್. ಅಂಗಡಿ, ಶಾಲೆ, ಯಂತ್ರ ಈ ಜಾತಿ. ಒಮ್ಮೆ ನಡೆದು ಮುಗಿದುಹೋಗುವ ಘಟನೆಯಾದರೆ ‘ಹೋಲ್ಡ್’, ‘ಕಂಡಕ್ಟ್’. ಹಾಗಾದರೆ ಪ್ರಯೋಗಾಲಯದಲ್ಲಿ ‘ರನ್ ಎ ಟೆಸ್ಟ್’ ಎನ್ನುವುದು ಹೇಗೆ, ಅದೂ ಒಮ್ಮೆ ಮುಗಿಯುವಂಥದ್ದೇ ಅಲ್ಲವೇ ಎಂದು ಕೇಳಬಹುದು. ಅಲ್ಲಿ ಕ್ರಮ ಮೊದಲೇ ನಿಗದಿಯಾಗಿದೆ, ಗುಂಡಿ ಒತ್ತಿದರೆ ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಹೋಗುತ್ತದೆ. ಕಂಪ್ಯೂಟರ್ ಪ್ರೋಗ್ರಾಮ್ ರನ್ ಮಾಡುವುದೂ ಇದೇ ಲೆಕ್ಕ. ಸಭೆ ಎರಡೂ ಕಡೆ ಸಲ್ಲುತ್ತದೆ: ಏರ್ಪಡಿಸಿ ಸೇರುವುದು ‘ಹೋಲ್ಡ್’, ಅದರ ಸೂತ್ರ ಹಿಡಿದು ನಡೆಸುವುದು ‘ರನ್’. ಪರೀಕ್ಷೆ ಒರಟು ಎಂದು ಮೊದಲೇ ಹೇಳಿದ್ದೇನೆ, ಹತ್ತಕ್ಕೆ ಎಂಟು ಸಲ ಅದು ದಾರಿ ತಪ್ಪಿಸುವುದಿಲ್ಲ.

‘ಓಡು’ ಗುಂಪಿಗೆ ಬಂದರೆ, ಅಲ್ಲಿ ಸುಲಭವೆನಿಸಿದ್ದೇ ಕಾಲೆಳೆಯುತ್ತದೆ. ನಾವು ‘ಸಿನಿಮಾ ಚೆನ್ನಾಗಿ ಓಡ್ತು’ ಎಂದರೆ ಗೆದ್ದಿತು ಎಂದೇ ಅರ್ಥ. ಇಂಗ್ಲಿಷಿನ ರನ್‌ಗೆ ಆ ಗೆಲುವು ಇಲ್ಲ. ನಾಟಕವೋ ಸಿನಿಮಾವೋ ‘ರ‍್ಯಾನ್ ಫಾರ್ ಟೂ ವೀಕ್ಸ್’ ಎಂದರೆ ಎರಡು ವಾರ ಪ್ರದರ್ಶನ ಕಂಡಿತು, ಅಷ್ಟೇ. ಅವಧಿ ಹೇಳದೆ ‘ದ ಫಿಲ್ಮ್ ರ‍್ಯಾನ್’ ಎಂದು ನಿಲ್ಲಿಸಿದರೆ ವಾಕ್ಯ ಅರ್ಧಕ್ಕೆ ನೇತಾಡುತ್ತದೆ. ‘ತಲೆ ಓಡ್ತಿಲ್ಲ’ ಎಂಬುದನ್ನು ರನ್ ಹಾಕಿ ಹೇಳುವಂತಿಲ್ಲ. ‘ಕಾಲ ಓಡುತ್ತದೆ’ ಎಂಬುದಕ್ಕೆ ಇಂಗ್ಲಿಷಿನ ಕಾಲ ಹಾರುತ್ತದೆ. ಕಾಲ ರನ್ ಆಗಬೇಕಾದರೆ ಅದರ ಬೆನ್ನಿಗೆ ‘ಔಟ್’ ಬೇಕು, ಆಗ ಅರ್ಥ ‘ಸಮಯ ಮುಗಿಯುತ್ತ ಬಂತು’. ಇನ್ನು ‘ಓಡಾಡು’. ಇದನ್ನು ಓಡುವುದರ ಜೊತೆ ಕಟ್ಟಿಹಾಕಬೇಡಿ. ಅಜ್ಜ ತೋಟದಲ್ಲಿ ಓಡಾಡುತ್ತಿದ್ದಾರೆ ಎಂಬುದನ್ನು ‘ರನ್ನಿಂಗ್ ಇನ್ ದ ಗಾರ್ಡನ್’ ಎಂದರೆ ಕೇಳಿದವರು ಅಜ್ಜನ ಆರೋಗ್ಯವನ್ನು ಮೆಚ್ಚಿಕೊಂಡಾರು. ಗಡಿಯಾರ ಐದು ನಿಮಿಷ ಮುಂದಿದ್ದರೆ ‘ರನ್ಸ್ ಫಾಸ್ಟ್’, ಬಸ್ಸು ಡೀಸೆಲ್‌ನಲ್ಲಿ ಓಡಿದರೆ ‘ರನ್ಸ್ ಆನ್ ಡೀಸೆಲ್’. ಇಲ್ಲಿ ‘ಇನ್’ ಅಥವಾ ‘ವಿತ್’ ಬಳಸುವುದು ಕನ್ನಡದ ಸಪ್ತಮಿ ವಿಭಕ್ತಿ ಮಾಡುವ ಕಿತಾಪತಿ. ಬ್ಯಾಟರಿ, ವಿದ್ಯುತ್ತು, ಗ್ಯಾಸ್ ಯಾವುದಾದರೂ ಸರಿ, ಇಂಗ್ಲಿಷಿಗೆ ಅದು ‘ಆನ್’.

ಮನೆಬಿಟ್ಟು ಓಡಿಹೋಗುವುದು, ಒಬ್ಬರ ಜೊತೆ ಓಡಿಹೋಗುವುದು ಮಾತ್ರ ಎರಡೂ ಭಾಷೆಯಲ್ಲಿ ಅಚ್ಚು ಒತ್ತಿದಂತಿವೆ: ‘ರನ್ ಅವೇ’, ‘ರನ್ ಆಫ್ ವಿತ್’. ಬೇರೆಯವರ ವಸ್ತು ಎತ್ತಿಕೊಂಡು ಪರಾರಿಯಾದರೂ ‘ರನ್ ಆಫ್ ವಿತ್’ ಎಂದೇ. ಎತ್ತಿಕೊಂಡದ್ದು ಮನುಷ್ಯರನ್ನೋ ಪೆಟ್ಟಿಗೆಯನ್ನೋ ಎಂಬುದನ್ನು ಮುಂದಿನ ಪದ ಹೇಳುತ್ತದೆ.

ಈಗ ನಿಜವಾದ ಮುಳ್ಳುದಾರಿ. ರನ್ ಆದ ಮೇಲೆ ಬಂದು ಅಂಟಿಕೊಳ್ಳುವ ಪುಟ್ಟ ಪದಗಳು: ಔಟ್, ಇನ್‌ಟು, ಓವರ್, ಡೌನ್, ಥ್ರೂ, ಅಪ್, ಆಫ್, ಅಕ್ರಾಸ್, ಬೈ. ಸಾಮಾನ್ಯವಾಗಿ ಕಲಿಸುವವರು ಈ ಒಂಬತ್ತನ್ನೂ ಒಂದೇ ಪುಟದಲ್ಲಿ ಕೋಷ್ಟಕ ಹಾಕಿ ಒಂದೇ ದಿನ ಕೊಡುತ್ತಾರೆ. ಹಾಗೆ ಮಾಡಬಾರದು. ಒಂದೇ ತಲೆಯ ಪದಗಳನ್ನು ಒಟ್ಟಿಗೆ ಕಲಿತರೆ ಬಾಲಗಳು ಅದಲುಬದಲಾಗುತ್ತವೆ. ರನ್ ಔಟ್ ಎನ್ನಬೇಕಾದಲ್ಲಿ ರನ್ ಆಫ್, ರನ್ ಓವರ್ ಎನ್ನಬೇಕಾದಲ್ಲಿ ರನ್ ಡೌನ್ ಬಾಯಿಗೆ ಬರುತ್ತದೆ. ಒಮ್ಮೆ ಹೀಗೆ ಕಲಸಿಹೋದದ್ದನ್ನು ಬೇರ್ಪಡಿಸುವುದಕ್ಕೆ ಹೊಸದಾಗಿ ಕಲಿಯುವುದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ವಾರಕ್ಕೆ ಎರಡೇ ಸಾಕು, ಅವೆರಡೂ ಅರ್ಥದಲ್ಲಿ ದೂರದೂರ ಇರಬೇಕು. ರನ್ ಔಟ್ ಜೊತೆ ರನ್ ಇನ್‌ಟು ಕಲಿಯಬಹುದು, ರನ್ ಓವರ್ ಜೊತೆ ರನ್ ಡೌನ್ ಬೇಡ; ಎರಡರಲ್ಲೂ ವಾಹನ ಬಂದು ಗುದ್ದುತ್ತದೆ.

ರನ್ ಔಟ್ ಅನ್ನೇ ಮೊದಲು ಹಿಡಿಯಿರಿ, ದಿನಕ್ಕೆ ಹತ್ತು ಸಲ ಬೇಕಾಗುವುದು ಇದು. ನಾವು ‘ಕಾಗದ ಮುಗೀತು’ ಎನ್ನುತ್ತೇವೆ. ಮುಗಿದದ್ದು ಕಾಗದ, ನಮ್ಮ ಹೆಸರೇ ಆ ವಾಕ್ಯದಲ್ಲಿಲ್ಲ. ಇಂಗ್ಲಿಷಿನಲ್ಲಿ ಎರಡು ದಾರಿ. ವಸ್ತುವನ್ನು ಮುಂದಿಟ್ಟರೆ ‘ದ ಪೇಪರ್ ಹ್ಯಾಸ್ ರನ್ ಔಟ್’. ಮನುಷ್ಯರನ್ನು ಮುಂದಿಟ್ಟರೆ ‘ವೀ ಹ್ಯಾವ್ ರನ್ ಔಟ್ ಆಫ್ ಪೇಪರ್’. ಎರಡನೆಯದರಲ್ಲಿ ‘ಆಫ್’ (of, ಒಂದೇ ಎಫ್‌ನದು) ಬಿಟ್ಟರೆ ಕೆಟ್ಟಿತು, ಮೊದಲನೆಯದರಲ್ಲಿ ‘ಆಫ್’ ಸೇರಿಸಿದರೂ ಕೆಟ್ಟಿತು. ಇಂಗ್ಲಿಷ್ ಮಾತೃಭಾಷೆಯವರ ಬಾಯಲ್ಲಿ ಎರಡನೆಯದು ಯಥೇಚ್ಛವಾಗಿ ಕೇಳಿಬರುತ್ತದೆ, ನಮಗೆ ಅದೇ ಅಪರಿಚಿತ, ಏಕೆಂದರೆ ‘ನಾವು ಕಾಗದದಿಂದ ಮುಗಿದೆವು’ ಎಂದು ಯಾವ ಕನ್ನಡಿಗರೂ ಹೇಳುವುದಿಲ್ಲ. ಆದ್ದರಿಂದಲೇ ‘ಪೇಪರ್ ಈಸ್ ಓವರ್’ ಎಂಬ ನಮ್ಮ ಇಂಗ್ಲಿಷ್ ಹುಟ್ಟಿದ್ದು. ಓವರ್ ಆಗುವುದು ಸಭೆ, ಆಟ, ಮಳೆಗಾಲ. ವಸ್ತು ರನ್ ಔಟ್ ಆಗುತ್ತದೆ. ಮುಗಿಯುವ ಮುಂಚಿನ ಹಂತಕ್ಕೂ ಮಾತಿದೆ: ತಳ ಕಾಣುತ್ತಿದ್ದರೆ ‘ರನ್ನಿಂಗ್ ಲೋ’, ಬೇಕಾದಷ್ಟಿಲ್ಲದಿದ್ದರೆ ‘ರನ್ನಿಂಗ್ ಶಾರ್ಟ್’. ಇದನ್ನು ಗಟ್ಟಿಮಾಡಲು ಹತ್ತು ವಸ್ತುಗಳನ್ನು ಬರೆದು ಪ್ರತಿಯೊಂದಕ್ಕೂ ಎರಡೂ ರೀತಿಯ ವಾಕ್ಯ ಕಟ್ಟಬೇಕು: ಶಾಯಿ, ನೀರು, ತಾಳ್ಮೆ, ಸಮಯ, ಜಾಗ ಹೀಗೆ. ಇಪ್ಪತ್ತು ವಾಕ್ಯ, ಅರ್ಧ ಗಂಟೆ.

ಕ್ರಿಕೆಟ್ಟಿನ ರನ್ ಔಟ್ ನಮಗೆಲ್ಲ ಮೊದಲೇ ಗೊತ್ತು, ಅದೇ ಸ್ವಲ್ಪ ಅಡ್ಡ ಬರುತ್ತದೆ. ಅಲ್ಲಿ ‘ಹೀ ವಾಸ್ ರನ್ ಔಟ್’ ಎಂದು ಕರ್ಮಣಿಯಲ್ಲಿ ಹೇಳುತ್ತಾರೆ, ‘ವಾಸ್’ ಬರುತ್ತದೆ. ಕಾಗದಕ್ಕೆ ಅದು ಬರುವುದಿಲ್ಲ. ಇದರ ಕರ್ತರಿ ರೂಪ ಇನ್ನೂ ಸ್ವಾರಸ್ಯ: ‘ದ ಫೀಲ್ಡರ್ ರ‍್ಯಾನ್ ಹಿಮ್ ಔಟ್’. ಜೀವ ಕೈಯಲ್ಲಿ ಹಿಡಿದು ಓಡಿದವನು ಬ್ಯಾಟರ್, ವಾಕ್ಯದಲ್ಲಿ ‘ರ‍್ಯಾನ್’ ಮಾಡಿದವನು ನಿಂತಲ್ಲಿಂದಲೇ ಚೆಂಡೆಸೆದ ಫೀಲ್ಡರ್!

ರನ್ ಇನ್‌ಟು ಎಂದರೆ ಎದುರಾಗುವುದು. ಪರಿಚಿತರು ದಾರಿಯಲ್ಲಿ ಅಕಸ್ಮಾತ್ ಸಿಕ್ಕರೂ ರನ್ ಇನ್‌ಟು, ಕಾರು ಮರಕ್ಕೆ ಗುದ್ದಿದರೂ ರನ್ ಇನ್‌ಟು, ಕೆಲಸದಲ್ಲಿ ತೊಡಕು ಎದುರಾದರೂ ಅದೇ, ಪುಟಗಳು ನೂರರ ಲೆಕ್ಕಕ್ಕೆ ಹೋದರೂ ಅದೇ. ನಾಲ್ಕರಲ್ಲೂ ‘ಹೋಗುತ್ತಿದ್ದದ್ದು ಏನನ್ನೋ ಮುಟ್ಟಿತು’ ಎಂಬುದು ಸಾಮಾನ್ಯ. ರನ್ ಅಕ್ರಾಸ್ ಕೂಡ ಅಕಸ್ಮಾತ್ತಿನದೇ, ಹಳೆಯ ಪತ್ರವೋ ಫೋಟೋವೋ ಕಣ್ಣಿಗೆ ಬೀಳುವಂಥದ್ದು. ರನ್ ಥ್ರೂ ಮೇಲಿಂದ ಕೆಳಗೆ ಒಮ್ಮೆ ಹಾಯಿಸುವುದು, ನಾಟಕದ ತಾಲೀಮಿಗೂ ಇದೇ ಮಾತು. ಮೆಲುಕು ಹಾಕುವ ಆಲೋಚನೆ ತಲೆಯಲ್ಲಿ ಹಾದುಹೋಗುವುದಕ್ಕೂ, ಕಾದಂಬರಿಯ ಉದ್ದಕ್ಕೂ ಒಂದು ವಿಷಯ ಹರಿಯುವುದಕ್ಕೂ ಥ್ರೂ. ಏನನ್ನಾದರೂ ಹಿರಿಯರ ಕಿವಿಗೆ ಹಾಕಿ ಅಭಿಪ್ರಾಯ ಕೇಳುವುದು ‘ರನ್ ಇಟ್ ಬೈ’ ಅವರು. ಕಚೇರಿಯ ಇಂಗ್ಲಿಷಿನಲ್ಲಿ ಇದು ದಂಡಿಯಾಗಿ ಸಿಗುತ್ತದೆ. ರನ್ ಅಪ್ ಬಟ್ಟೆ ಬೇಗಬೇಗ ಹೊಲಿಯುವುದಕ್ಕೂ ಸಾಲ ಬೆಳೆಸಿಕೊಳ್ಳುವುದಕ್ಕೂ ಬರುತ್ತದೆ. ಎರಡನೆಯದು ಗೊತ್ತಿದ್ದರೆ ಸಾಕು.

ರನ್ ಡೌನ್ ಬಗ್ಗೆ ಎಚ್ಚರ. ಬ್ಯಾಟರಿ ರನ್ ಡೌನ್ ಆದರೆ ಖಾಲಿಯಾಯಿತು. ಕಟ್ಟಡ ‘ರನ್ ಡೌನ್’ ಎಂದರೆ ಪಾಳುಬಿದ್ದಂತಿದೆ, ಮನುಷ್ಯ ‘ರನ್ ಡೌನ್’ ಎಂದರೆ ದಣಿದು ಸೊರಗಿದ್ದಾನೆ. ಒಬ್ಬರನ್ನು ರನ್ ಡೌನ್ ಮಾಡುವುದು ಎಂದರೆ ಹೀಗಳೆಯುವುದು, ಇಲ್ಲವೇ ವಾಹನದಿಂದ ಗುದ್ದಿ ಕೆಡವುವುದು. ಕೊನೆಯ ಎರಡರಲ್ಲಿ ಯಾವುದು ಎಂಬುದು ಸುತ್ತಲಿನ ವಾಕ್ಯದಿಂದಲೇ ಗೊತ್ತಾಗಬೇಕು. ಎಲ್ಲದರಲ್ಲೂ ಇಳಿಮುಖವೇ ಇರುವುದರಿಂದ ನೆನಪಿಡುವುದು ಕಷ್ಟವಲ್ಲ.

ಕಷ್ಟವಿರುವುದು ಸರ್ವನಾಮ ಎಲ್ಲಿ ಕೂರುತ್ತದೆ ಎಂಬಲ್ಲಿ. ‘ಅವನನ್ನು ಹೀಗಳೆದರು’ ಎಂಬುದು ‘ರ‍್ಯಾನ್ ಹಿಮ್ ಡೌನ್’, ‘ಹಿಮ್’ ನಡುವೆ. ‘ಅವನು ಎದುರಾದ’ ಎಂಬುದು ‘ರ‍್ಯಾನ್ ಇನ್‌ಟು ಹಿಮ್’, ‘ಹಿಮ್’ ಕೊನೆಯಲ್ಲಿ. ಇಲ್ಲಿ ಕಿವಿಯನ್ನು ನಂಬಬೇಡಿ, ಶುರುವಿನಲ್ಲಿ ಅದು ಎರಡಕ್ಕೂ ತಲೆಯಾಡಿಸುತ್ತದೆ. ಇನ್‌ಟು, ಅಕ್ರಾಸ್, ಆಫ್ಟರ್ ಈ ಮೂರು ರನ್‌ನಿಂದ ಬೇರೆಯಾಗುವುದಿಲ್ಲ. ಡೌನ್, ಆಫ್, ಅಪ್ ಬೇರೆಯಾಗುತ್ತವೆ, ಸರ್ವನಾಮ ಬಂದರೆ ಬೇರೆಯಾಗಲೇಬೇಕು. ‘ಅದರ ಐವತ್ತು ಪ್ರತಿ ತೆಗೆ’ ಎನ್ನುವಾಗ ‘ರನ್ ಆಫ್ ಫಿಫ್ಟಿ ಕಾಪೀಸ್’ ಸರಿ, ಆದರೆ ಪ್ರತಿಗಳಿಗೆ ‘ದೆಮ್’ ಎಂದಾಗ ‘ರನ್ ದೆಮ್ ಆಫ್’. ಕಲಿಯುವವರ ನಿಘಂಟಿನಲ್ಲಿ ಕ್ರಿಯಾಪದದ ನಮೂದಿನ ತುದಿಯಲ್ಲಿ ಈ ಜೋಡಿಗಳನ್ನೆಲ್ಲ ಪ್ರತ್ಯೇಕವಾಗಿ ಕೊಟ್ಟಿರುತ್ತಾರೆ, ನಾಮಪದ ನಡುವೆ ಬರುತ್ತದೋ ಕೊನೆಗೋ ಎಂಬುದನ್ನು ಜೋಡಿಯ ಬರಹದಲ್ಲೇ ತೋರಿಸಿರುತ್ತಾರೆ. ಅರ್ಥಕ್ಕಿಂತ ಮೊದಲು ಆ ಸಾಲನ್ನು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು.

ರೂಪಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ರನ್, ರ‍್ಯಾನ್, ರನ್. ಮೂರನೆಯದು ಮೊದಲನೆಯದಕ್ಕೇ ಮರಳುತ್ತದೆ, ‘ಹ್ಯಾಸ್ ರ‍್ಯಾನ್’ ಎಂಬುದು ತಪ್ಪು. ಇಂಗ್ ಪ್ರತ್ಯಯ ಹತ್ತಿದಾಗ ಬರಹದಲ್ಲಿ ‘ಎನ್’ ಎರಡಾಗುತ್ತದೆ. ಆದರೆ ಆ ಇಂಗ್ ಎಲ್ಲಿ ಬೇಡ ಎಂಬುದು ಮುಖ್ಯ. ರಸ್ತೆ, ಗಡಿ, ಬೆಟ್ಟಸಾಲು ಒಂದೇ ಕಡೆ ಇರುವಂಥವು, ಅವಕ್ಕೆ ‘ರನ್ಸ್’ ಮಾತ್ರ. ‘ದ ರೋಡ್ ಈಸ್ ರನ್ನಿಂಗ್’ ಎನ್ನಲಾಗದು. ಕನ್ನಡದಲ್ಲೂ ‘ಈ ರಸ್ತೆ ಕೆರೆಗೆ ಹೋಗುತ್ತದೆ’ ಎನ್ನುತ್ತೇವೆಯೇ ಹೊರತು ‘ಹೋಗುತ್ತಿದೆ’ ಎನ್ನುವುದಿಲ್ಲ, ಆ ಕಿವಿಯನ್ನೇ ಇಂಗ್ಲಿಷಿಗೂ ಒಯ್ದರೆ ಸಾಕು. ರೈಲಿಗೆ ಎರಡೂ ಉಂಟು: ದಿನವೂ ಸಂಚರಿಸುವುದಾದರೆ ‘ರನ್ಸ್ ಡೈಲಿ’, ಇವತ್ತು ತಡವಾಗಿದ್ದರೆ ‘ಈಸ್ ರನ್ನಿಂಗ್ ಲೇಟ್’. ‘ತ್ರೀ ಡೇಸ್ ರನ್ನಿಂಗ್’ ಎಂಬಲ್ಲಿ ಯಾರೂ ಓಡುತ್ತಿಲ್ಲ, ಸತತ ಮೂರು ದಿನ ಎಂದರ್ಥ. ದಿನ, ವಾರ, ಸಲಗಳ ಎಣಿಕೆಯ ಹಿಂದೆ ಬಂದ ರನ್ನಿಂಗ್ ಸಾಮಾನ್ಯವಾಗಿ ಹೀಗೇ.

ಗುಂಪು ಮಾಡಿ ಮುಗಿದ ಮೇಲೆ ಮರುತಪಾಸಣೆ. ನೋಟ್‌ಬುಕ್ಕಿನ ನಡುವಿನ ಅಂಕಣವನ್ನು ಕಾಗದದಿಂದ ಮುಚ್ಚಿ, ಬಲಗಡೆಯ ಕನ್ನಡ ನೋಡಿ ಇಂಗ್ಲಿಷ್ ವಾಕ್ಯವನ್ನು ಗಟ್ಟಿಯಾಗಿ ಹೇಳಬೇಕು. ಕಲಿತ ಎರಡನೇ ದಿನ ಒಮ್ಮೆ, ಏಳನೇ ದಿನ ಒಮ್ಮೆ, ಇಪ್ಪತ್ತೊಂದನೇ ದಿನ ಒಮ್ಮೆ. ಇಂಗ್ಲಿಷ್ ನೋಡಿ ಕನ್ನಡ ಹೇಳುವುದು ಲೆಕ್ಕಕ್ಕಿಲ್ಲ. ಅದು ಗುರುತಿಸುವುದು ಮಾತ್ರ, ಬಾಯಿ ಬಿಡಲು ಕಲಿಸುವುದಿಲ್ಲ. ತಪ್ಪಿದ ವಾಕ್ಯದ ಪಕ್ಕ ಚುಕ್ಕೆ ಇಡಿ. ಮೂರು ಚುಕ್ಕೆ ಬಿದ್ದ ವಾಕ್ಯವನ್ನು ಮತ್ತೆಮತ್ತೆ ಉರುಹೊಡೆಯುವ ಬದಲು ಅಳಿಸಿಹಾಕಿ, ಅದೇ ಅರ್ಥದ ಬೇರೆ ವಾಕ್ಯ ಹುಡುಕಿ ತನ್ನಿ. ಬಹುತೇಕ ಸಲ ತೊಡಕು ರನ್‌ನಲ್ಲಿರುವುದಿಲ್ಲ, ಆ ವಾಕ್ಯದ ಬೇರೊಂದು ಗೊತ್ತಿಲ್ಲದ ಪದದಲ್ಲಿರುತ್ತದೆ.

ಎಷ್ಟೇ ಮಾಡಿದರೂ ಹತ್ತಕ್ಕೆ ಒಂದೆರಡು ವಾಕ್ಯ ಯಾವ ಗುಂಪಿಗೂ ಸೇರದೆ ಉಳಿಯುತ್ತವೆ. ಅವಕ್ಕೆ ‘ಉಳಿದದ್ದು’ ಎಂದೇ ಒಂದು ಪುಟ. ಅಪಾಯ ಮೈಮೇಲೆ ಎಳೆದುಕೊಳ್ಳುವುದು ‘ರನ್ ಎ ರಿಸ್ಕ್’. ಯಾರೋ ಹೇಳಿದ ಸಣ್ಣಪುಟ್ಟ ಕೆಲಸಕ್ಕೆ ಹೋಗಿಬರುವುದು ‘ರನ್ ಎನ್ ಎರಂಡ್’. ಕೆಂಪು ದೀಪವಿದ್ದರೂ ಗಾಡಿ ನುಗ್ಗಿಸುವುದು ಅಮೆರಿಕದಲ್ಲಿ ‘ರನ್’, ಬ್ರಿಟನ್ನಿನಲ್ಲಿ ನಮ್ಮ ಹಾಗೆ ‘ಜಂಪ್’. ಸಾಧಾರಣವಾದದ್ದಕ್ಕೆ ‘ರನ್ ಆಫ್ ದ ಮಿಲ್’. ಗಿರಣಿಯಿಂದ ಬಂದದ್ದನ್ನು ಆರಿಸಿ ದರ್ಜೆ ಮಾಡದೆ ಹಾಗೇ ಕೊಟ್ಟ ಸರಕಿನಿಂದ ಬಂದ ಮಾತದು. ಚುನಾವಣೆಗೆ ಅಮೆರಿಕದವರು ‘ರನ್’ ಆಗುತ್ತಾರೆ, ಬ್ರಿಟಿಷರು ‘ಸ್ಟ್ಯಾಂಡ್’ ಆಗುತ್ತಾರೆ. ನಾವೂ ಚುನಾವಣೆಗೆ ನಿಲ್ಲುವವರೇ, ಹಾಗಾಗಿ ಅಮೆರಿಕದ ಸುದ್ದಿ ಓದುವಾಗ ಮಾತ್ರ ಇದನ್ನು ನೆನಪಿಸಿಕೊಂಡರಾಯಿತು. ಈ ಪುಟದಲ್ಲಿರುವುದಕ್ಕೆ ತರ್ಕ ಹುಡುಕುತ್ತ ಕೂರಬೇಡಿ, ಗಾದೆ ಕಲಿತಂತೆ ಇಡಿಯಾಗಿ ನುಂಗಿಬಿಡಿ.

ಒಟ್ಟು ಎಂಟು ವಾರ ಬೇಕು. ಮೂರು ವಾರ ಕೂಡಿಡಲು, ಉಳಿದದ್ದು ಗುಂಪಿಗೆ, ಪುಟ್ಟ ಪದಗಳಿಗೆ, ತಪಾಸಣೆಗೆ. ಅಷ್ಟರಲ್ಲಿ ಹೊಸ ‘ರನ್’ ಎದುರಾದರೆ ಅದು ಯಾವ ಗುಂಪಿನದು ಎಂದು ನಿಘಂಟು ತೆರೆಯುವ ಮೊದಲೇ ಊಹೆ ಬರತೊಡಗುತ್ತದೆ. ಆಗ ನೋಟ್‌ಬುಕ್ಕಿನ ಕೊನೆಯ ಎರಡು ಹಾಳೆ ಖಾಲಿ ಬಿಟ್ಟು ‘ಸೆಟ್’ಗೆ ಹೊರಡಬಹುದು. ಅದರ ಬೀಗದ ಕೈಯೂ ಕನ್ನಡದಲ್ಲೇ ಇದೆ: ಮೂಲದಲ್ಲಿ ‘ಸೆಟ್’ ಎಂಬುದು ‘ಸಿಟ್’ಗೆ ‘ಇಸು’ ಹತ್ತಿದ ರೂಪ. ಸಿಟ್ ಕೂರು, ಸೆಟ್ ಕೂರಿಸು. ಉಂಗುರಕ್ಕೆ ಹರಳು ಕೂರಿಸುವುದು ಇಂಗ್ಲಿಷಿನಲ್ಲೂ ಸೆಟ್ಟೇ. ಮುಳುಗುವ ಸೂರ್ಯನನ್ನು ಮಾತ್ರ ಸದ್ಯಕ್ಕೆ ‘ಉಳಿದದ್ದು’ ಪುಟದಲ್ಲಿ ಬರೆದಿಡಿ.